ಹಾಡದೆ ಉಳಿದ ಕೊನೆಯ ನುಡಿ

ನನ್ನ ಗಂಡನ ದನಿ ರಾಯಚೂರಿನಲ್ಲಿ ಯಾರ ಮೊಬೈಲು ತೆಗೆದರೂ ಇರುತ್ತದೆ. ತತ್ವಪದ ಹಾಡುವವರಲ್ಲಿ ಅವರಷ್ಟು ಹೆಸರಾದವರು ನಮ್ಮ ಕಡೆ ಇಲ್ಲ. ಅವರು ಹಾಡುವ ಪದಗಳಲ್ಲಿ ಅರ್ಧಕ್ಕೂ ಹೆಚ್ಚು ನಾನು ಬರೆದವು. ಹಾಗಂತ ಹೇಳಿದರೆ ಜನ ನಗುತ್ತಾರೆ. ನಗಲಿ, ನಾನು ಹೇಳುವುದನ್ನು ಬಿಡುವವಳಲ್ಲ.

ನಮ್ಮದು ಜಗಳದ ಸಂಸಾರ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ; ನಮ್ಮದು ಉಣ್ಣಲು ಕೂತಾಗಲೇ ಶುರುವಾಗುತ್ತಿತ್ತು. ಕಾರ್ಯಕ್ರಮ ಮುಗಿಸಿ ಕುಡಿದು ಬರುತ್ತಿದ್ದರು, ಸಾರಿಗೆ ಉಪ್ಪು ಕಮ್ಮಿ ಎಂದು ತಾಟು ಒಗೆಯುತ್ತಿದ್ದರು. ನಾನು ಬಾಯಿ ಮುಚ್ಚುವವಳಲ್ಲ, ಬಿದ್ದ ತಾಟನ್ನು ಎತ್ತುವವಳೂ ಅಲ್ಲ. ಬೆಳಗಾದರೆ ಅದೇ ಮನುಷ್ಯ ಹಾರ್ಮೋನಿಯಂ ಮುಂದೆ ಕೂತು ನನ್ನ ಹೊಸ ಪದಕ್ಕೆ ಧಾಟಿ ಹುಡುಕುತ್ತಿದ್ದರು. ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ. ಆ ದನಿ ಕೇಳಿದರೆ ನನ್ನ ಸಿಟ್ಟೆಲ್ಲ ಇಳಿದುಹೋಗುತ್ತಿತ್ತು. ಅದೊಂದು ಇಲ್ಲದಿದ್ದರೆ ಎಂದೋ ಎದ್ದು ಹೋಗುತ್ತಿದ್ದೆ.

ನಮ್ಮ ಭಜನೆ ಪದಗಳಿಗೆ ಒಂದು ಕಟ್ಟಳೆ ಇದೆ. ಬರೆದವರ ಅಂಕಿತ ಪದದ ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಬರುತ್ತದೆ. ನನ್ನ ಅಂಕಿತ ದೇವದುರ್ಗದ ಮಠದಲ್ಲಿ ಗುರುಗಳು ಕೊಟ್ಟದ್ದು. ಅದು ಬಂದಾಗ ಕೂತವರು ಕೈ ಮುಗಿಯುತ್ತಾರೆ. ಅಲ್ಲಿಗೆ ಪದ ಮುಗಿಯುತ್ತದೆ. ನನ್ನ ಗಂಡ ದೊಡ್ಡ ವೇದಿಕೆ ಹತ್ತಿದ ಮೇಲೆ ಆ ನುಡಿಯನ್ನೇ ಬಿಡತೊಡಗಿದರು. ಕೇಳಿದರೆ, "ಮಂದಿ ಚಪ್ಪಾಳಿ ಹೊಡಿಯಾಕತ್ತಾಗ ಅಲ್ಲೇ ಮುಗಿಸಬೇಕು. ಕೊನೀ ನುಡಿ ತನಕ ಹಾಡಿದ್ರ ಎದ್ದು ಹೋಗ್ತಾರ," ಎನ್ನುತ್ತಿದ್ದರು. ನಾನು ವಾದಕ್ಕಿಳಿಯುತ್ತಿದ್ದೆ, ಮತ್ತೆ ತಾಟು ಹಾರುತ್ತಿತ್ತು.

ಮಾನ್ವಿಯಲ್ಲಿ ಅವರಿಗೆ ಸನ್ಮಾನವಿತ್ತು. ನಾನೂ ಮುಂದಿನ ಸಾಲಿನಲ್ಲಿ ಕೂತಿದ್ದೆ. ಹಾಡು ಮುಗಿದ ಮೇಲೆ ಹಿರಿಯರೊಬ್ಬರು, "ಈ ಪದ ಯಾರದ್ರೀ?" ಎಂದು ಕೇಳಿದರು. ನನ್ನ ಗಂಡ ನನ್ನ ಕಡೆ ನೋಡದೆ, "ಹಿಂದಿನವರದ್ರೀ, ಬಾಯಿಂದ ಬಾಯಿಗೆ ಬಂದದ್ದು," ಎಂದರು. ಬದುಕಿ ಎದುರಿಗೆ ಕೂತವಳನ್ನು ಹಿಂದಿನವರ ಸಾಲಿಗೆ ಸೇರಿಸಿಬಿಟ್ಟ ಮಹಾರಾಯ. ಹಾರ ಹಾಕುವ ಮುಂಚೆಯೇ ಎದ್ದು, ಮನೆಗೂ ಹೋಗದೆ ದೇವದುರ್ಗದ ಬಸ್ಸು ಹತ್ತಿದೆ.

ತವರಿನಲ್ಲಿ ಅವ್ವ, "ಹೆಸರಿಗೋಸ್ಕರ ಗಂಡನ್ನ ಬಿಡ್ತಿಯೇನ ಬೇ?" ಎಂದಳು. "ಹೆಸರಲ್ಲ ಯವ್ವಾ, ಗುರು ಕೊಟ್ಟದ್ದು," ಎಂದೆ. ಗಂಡನಿಗೆ ಫೋನಿನಲ್ಲಿ ಒಂದೇ ಮಾತು ಹೇಳಿದೆ: ಮಂದಿಯ ಮುಂದೆ ಆ ಪದವನ್ನು ಅಂಕಿತದ ತನಕ ಹಾಡಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ.

ಅಮಾವಾಸ್ಯೆಯ ದಿನ ಬಂದರು. ಗಬ್ಬೂರಿನಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ, ಮುಖ ತುಂಬ ಧೂಳು. ಕುಡಿದಿರಲಿಲ್ಲ. ಸಂಜೆ ಮಠದ ಭಜನೆಯಲ್ಲಿ ತಾವಾಗಿಯೇ ತಾಳ ಕೈಗೆ ತೆಗೆದುಕೊಂಡು ಮಾನ್ವಿಯಲ್ಲಿ ಹಾಡಿದ್ದ ಅದೇ ಪದವನ್ನು ಎತ್ತಿಕೊಂಡರು. ಎಷ್ಟು ಚಂದ ಹಾಡಿದರೆಂದರೆ, ನಾನು ಮನಸ್ಸಿನಲ್ಲೇ ಬಟ್ಟೆಬರೆ ಕಟ್ಟಿಕೊಳ್ಳತೊಡಗಿದ್ದೆ. ಕೊನೆಯ ನುಡಿಯ ಹೊತ್ತು ಬಂತು. ಅವರು ಪಲ್ಲವಿ ಹಾಡಿದರು. ಮತ್ತೊಮ್ಮೆ ಪಲ್ಲವಿಯನ್ನೇ ಹಾಡಿದರು. ತಾಳ ನಿಂತಿತು. ಅವರಿಗೆ ಆ ನುಡಿ ಬರುತ್ತಿರಲಿಲ್ಲ. ಹಾಡದೆ ಹಾಡದೆ ಮರೆತೇಹೋಗಿತ್ತು. ನನ್ನ ಕಡೆ ನೋಡಿದರು. ನನಗೂ ದನಿ ಹೊರಡಲಿಲ್ಲ. ಹಿಂದೆ ಕೂತಿದ್ದ ಹೆಂಗಸರು, ಹತ್ತಿ ಬಿಡಿಸುವಾಗ ಅದನ್ನು ಹಾಡಿಕೊಳ್ಳುವವರು, ನುಡಿ ಎತ್ತಿಕೊಂಡು ಅಂಕಿತ ಮುಟ್ಟಿಸಿದರು. ಎಲ್ಲರೂ ಕೈ ಮುಗಿದರು, ಅವರೂ ಮುಗಿದರು.

ಮುಂಜಾನೆ ಬಸ್ ಸ್ಟ್ಯಾಂಡಿನಲ್ಲಿ, "ಮನಿಗೆ ಬಾ. ಕಲಿಸು, ಕಲಿತೀನಿ," ಎಂದರು. ಅಷ್ಟು ಮೆತ್ತಗೆ ಅವರು ನನ್ನ ಹತ್ತಿರ ಎಂದೂ ಮಾತಾಡಿರಲಿಲ್ಲ.

"ನೀವು ಬೇಕಂತ ಬಿಡಾಕತ್ತೀರಿ ಅಂತ ತಿಳಿದಿದ್ದೆ," ಎಂದೆ. "ಬೇಕಂತ ಬಿಟ್ಟವರ ಕೂಡ ಜಗಳ ಆಡಿಕೋತ ಬಾಳೇ ಮಾಡಬೌದು. ನೀವು ಮರತೀರಿ. ಮರತವರ ಕೂಡ ಏನಂತ ಜಗಳ ಆಡ್ಲಿ?"

ಬಸ್ಸು ಬಂತು, ಅವರು ಹತ್ತಿದರು. ನಾನು ಹತ್ತಲಿಲ್ಲ. ಇನ್ನು ಮುಂಜಾನೆ ಆ ದನಿ ಇಲ್ಲದೆ ಹೇಗೆ ಏಳಲಿ ಎಂದುಕೊಂಡೆ. ಬಸ್ಸು ತಿರುವು ದಾಟುವ ತನಕ ತಡೆದುಕೊಂಡೆ. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಮನಸಾರೆ ಅತ್ತೆ.