ಮನೆಯೊಡತಿಯ ಕಿವಿ

ನಮ್ಮ ಮನೆಯೊಡತಿಯ ಕಿವಿಗಳು ದೊಡ್ಡವು. ಹಾಲೆಗಳಲ್ಲಿ ಎರಡೆರಡು ತೂತು, ಒಂದರಲ್ಲೂ ಓಲೆ ಇಲ್ಲ. ಹೆಡ್‌ಫೋನಿಗೆ ತಗುಲಿ ಸದ್ದಾಗುತ್ತದೆಂದು ಕಿತ್ತಿಟ್ಟಿದ್ದರು. ಪರದೇಶದ ಟಾಲಾ ಎಂಬ ಊರಿನಲ್ಲಿ ಅವರ ಮನೆಯ ಮಹಡಿ ಕೋಣೆಯಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು. ಮನೆಯೊಡತಿ ಜಿಂಬಾಬ್ವೆಯಲ್ಲಿ ಶೋನಾ ಭಾಷೆ ಕಲಿಸುತ್ತಿದ್ದ ಟೀಚರ್. ಇಲ್ಲಿ ಸಿಕ್ಕಿದ್ದು ಬೇರೆಯೇ ಕೆಲಸ. ಆಶ್ರಯ ಕೋರಿ ಬಂದವರ ಮಾತನ್ನು ರೆಕಾರ್ಡ್ ಮಾಡಿ ಒಂದು ಕಚೇರಿಯವರು ಕಳಿಸುತ್ತಿದ್ದರು. ಬಂದವರು ತಾವು ಹೇಳಿಕೊಂಡ ಊರಿನವರೇ ಹೌದೋ ಅಲ್ಲವೋ ಎಂದು ಇವರು ಕೇಳಿ ಬರೆದುಕೊಡಬೇಕು.

ಕೇಳಲು ಕೂತರೆ ಫ್ರಿಜ್ ಆರಿಸುತ್ತಿದ್ದರು. ನಮ್ಮ ಹಾಲು ಕೆಟ್ಟರೆ ಕೆಡಲಿ. ನಲ್ಲಿ ತಿರುಗಿಸುವಂತಿಲ್ಲ. ಲೀಕ್ಸ್‌ಲಿಪ್ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಬಂದ ನನ್ನ ಗಂಡ ಕಳ್ಳಬೆಕ್ಕಿನ ಹಾಗೆ ಮೆಟ್ಟಿಲು ಹತ್ತುತ್ತಿದ್ದ. ಶೋನಾದಲ್ಲಿ ತುಟಿ ಚಾಚಿ ಸೀಟಿಯಂತೆ ಹೇಳುವ ಒಂದು 'ಸ' ಇದೆಯಂತೆ. ಸ್ವರ ಏರಿಳಿದರೆ ಪದದ ಅರ್ಥವೇ ಬೇರೆಯಂತೆ. ಆ ಸೀಟಿ, ಆ ಏರಿಳಿತ ಸೀಮೆಯಿಂದ ಸೀಮೆಗೆ ಬದಲಾಗುತ್ತವೆ. ಅವರು ಹಿಡಿಯುತ್ತಿದ್ದುದು ಅದನ್ನೇ. ಯಾರಾದರೂ ಅತ್ತರೆ ರೆಕಾರ್ಡಿಂಗನ್ನು ಮುಂದಕ್ಕೆ ಓಡಿಸುವರು. "ಅಳುವಾಗ ಸ್ವರ ಕೆಡುತ್ತೆ, ಕೆಲಸಕ್ಕೆ ಬರಲ್ಲ." ಅಳು ಮುಗಿದ ಜಾಗ ಸಿಕ್ಕಿತೋ, ಇಲ್ಲಿನವರ ಹಾಗೆ "ಗ್ರ್ಯಾಂಡ್!" ಎನ್ನುವರು.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಸಂಜೆ ಅವರ ಜೊತೆ ಚಹಾಕ್ಕೆ ಕೂರುತ್ತಿದ್ದೆ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. ಕನ್ನಡದ ಒಂದಕ್ಷರವೂ ಅವರಿಗೆ ಗೊತ್ತಿಲ್ಲ. ಒಂದು ದಿನ ಹೇಳಿದರು, "ಫೋನಲ್ಲಿ ಬೆಳಿಗ್ಗೆ ಒಬ್ಬಳ ಹತ್ರ ಮಾತಾಡ್ತೀಯ, ಅವಳು ನಿನ್ನ ತಾಯಿ. ಸಂಜೆಯವಳಿಗೆ ನೀನು ಹೆದರ್ತೀಯ. ಅವಳೆದುರು ನಿನ್ನ ಬಾಯೇ ಬೇರೆ."

ನಾನು ಧಾರವಾಡದವಳು, ಬೆಂಗಳೂರಿಗೆ ಸೊಸೆ. ಅವ್ವನ ಮುಂದೆ "ಆರಾಮ ಅದೀನಿ", ಅತ್ತೆಯ ಮುಂದೆ "ಚೆನ್ನಾಗಿದ್ದೀನಿ". ಜೊತೆಗೆ ಸಂಸಾರ ಮಾಡಿದ ಗಂಡನಿಗೇ ಇದು ತಿಳಿದಿರಲಿಲ್ಲ.

ಆಗ ಮನೆಯೊಡತಿ ತಮ್ಮ ಕಥೆಯನ್ನೂ ನಗುತ್ತಲೇ ಹೇಳಿದರು. ಅವರು ಹುಟ್ಟಿದ್ದು ಪೂರ್ವದ ಗಡಿಯಲ್ಲಿ, ಎನ್‌ಡಾವ್ ಎಂಬ ಬಗೆಯ ಶೋನಾ ಆಡುವ ಸೀಮೆಯಲ್ಲಿ. ಮದುವೆಯಾದದ್ದು ರಾಜಧಾನಿ ಹರಾರೆಯ ಕಡೆ, ಜೆಜುರು ಎಂಬ ಇನ್ನೊಂದು ಬಗೆಯ ಶೋನಾ ಆಡುವ ಮನೆಗೆ. ಇವರು ಬಾಯಿ ಬಿಟ್ಟರೆ ಅತ್ತೆ ಮತ್ತೊಮ್ಮೆ ಹೇಳಿಸುವಳು, ಊಟಕ್ಕೆ ಕೂತವರೆಲ್ಲ ನಗುವರು. "ಒಂದೇ ಮಳೆಗಾಲದಲ್ಲಿ ನನ್ನ ನಾಲಿಗೆ ತೊಳೆದುಬಿಟ್ರು. ನನ್ನ ಮಗನಿಗೂ ಹೇಳಿಲ್ಲ." ತವರಿನ ಸುದ್ದಿಯನ್ನೇ ಅವರು ಎತ್ತುತ್ತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಒಬ್ಬ ಹುಡುಗಿಯ ರೆಕಾರ್ಡಿಂಗ್ ಬಂತು. ಎನ್‌ಡಾವ್ ಸೀಮೆಯಲ್ಲಿ ಹುಟ್ಟಿದವಳು, ಹರಾರೆಗೆ ಮದುವೆಯಾಗಿ ಹೋದವಳು. ಗಂಡ ಸತ್ತ ಮೇಲೆ ತವರಿಗೆ ಮರಳಿದಾಗ ಅಲ್ಲಿ ಆಳುವ ಪಕ್ಷದವರು ಮನೆ ಸುಟ್ಟರಂತೆ. ಆ ಸೀಮೆಯವಳೆಂದು ನಂಬಿದರೆ ಮಾತ್ರ ಅವಳಿಗೆ ಇಲ್ಲಿ ಜಾಗ.

ಹೆಡ್‌ಫೋನ್ ತೆಗೆದು ಅವರು ಹೇಳಿದರು, "ಅಪ್ಪಟ ಜೆಜುರು. ಎನ್‌ಡಾವ್‌ನ ಸುಳಿವೇ ಇಲ್ಲ."

"ಅವಳೂ ನಿಮ್ಮ ಹಾಗೇ ಅಲ್ವಾ ಮೇಡಂ? ಆ ಮನೆಯವರೇ ಬಿಡಿಸಿರ್ತಾರೆ."

"ಇರಬಹುದು."

"ಹಾಗಾದ್ರೆ ಅದನ್ನೂ ಬರೀರಿ. ವಾಪಸ್ ಕಳಿಸಿದ್ರೆ ಅವಳು ಉಳಿಯಲ್ಲ."

"ನಾಲಿಗೆ ಯಾವುದು ಅಂತ ಕೇಳಿದ್ದಾರೆ, ಅದನ್ನ ಯಾರು ತೊಳೆದ್ರು ಅಂತ ಕೇಳಿಲ್ಲ," ಎಂದರು. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದು ಮುಗಿಸಿದರು. "ನನ್ನದೇ ರೆಕಾರ್ಡಿಂಗ್ ಬಂದಿದ್ರೂ ಇದನ್ನೇ ಬರೀತಿದ್ದೆ."

ಬರೆದರು. ಹುಡುಗಿಯನ್ನು ವಾಪಸ್ ಕಳಿಸಿದರೆಂದು ತಿಂಗಳುಗಳಾದ ಮೇಲೆ ಆಲೂಗಡ್ಡೆ ಸುಲಿಯುತ್ತ ಹೇಳಿದರು. ಮುಂದೇನಾಯಿತೆಂದು ಅವರು ವಿಚಾರಿಸಲಿಲ್ಲ. ಆವತ್ತು ಅವರ ಚಹಾ ಮುಟ್ಟದೆ ಮಹಡಿ ಹತ್ತಿದೆ.

ಹೋದ ಚಳಿಗಾಲ ಪಾರ್ಶ್ವವಾಯು ಬಡಿದು ತೀರಿಕೊಂಡರು. ಹೆಣ ನಡುಮನೆಯಲ್ಲಿತ್ತು. ಅವರ ಮೊಬೈಲ್ ಬಡಿದುಕೊಂಡಿತು; ಇಲ್ಲೇ ಹುಟ್ಟಿ ಬೆಳೆದ ಮಗ ಸ್ಪೀಕರಿಗೆ ಹಾಕಿದ. ಮುದುಕಿಯೊಬ್ಬಳು ಏನೇನೋ ಹೇಳಿ ಗೋಳಾಡುತ್ತಿದ್ದಳು. ಅವನಿಗೆ ಒಂದೂ ತಿಳಿಯಲಿಲ್ಲ. ಸಾವಿಗೆ ಬಂದಿದ್ದ ಹರಾರೆಯ ಹಿರಿಯರೊಬ್ಬರು ಬಗ್ಗಿ ಕೇಳಿಸಿಕೊಂಡರು.

"ನಿಮ್ಮಮ್ಮನ ಅಕ್ಕ ಅಂತಾಳೆ. ಆದರೆ ಇದು ಎನ್‌ಡಾವ್, ಗಡಿ ಕಡೆಯವರ ಮಾತು. ನಿಮ್ಮಮ್ಮನದು ಅಪ್ಪಟ ನಮ್ಮ ಕಡೆಯ ಮಾತು. ಇವಳು ಅಕ್ಕ ಆಗೋಕೆ ಸಾಧ್ಯವೇ ಇಲ್ಲ. ಸಾವಿನ ಮನೆ ಅಂದ್ರೆ ಇಂಥ ಮೋಸದ ಕಾಲ್ ಬರ್ತಾನೇ ಇರ್ತವೆ, ಬಿಡು."

ಮಗ ಕಾಲ್ ಕಟ್ ಮಾಡಿದ.

"ಅವರು ನಿಮ್ಮ ದೊಡ್ಡಮ್ಮನೇ," ಎಂದೆ ನಾನು. ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಅವನು ತಾಯಿಯ ಮುಖವನ್ನೊಮ್ಮೆ ನೋಡಿದ, ಆ ನಂಬರಿಗೆ ತಿರುಗಿ ಫೋನ್ ಮಾಡಿದ. ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.