ಎರೆಮಣ್ಣಿನ ಮೇಲೊಂದು ಮನೆ

ಮೂವತ್ತು ವರ್ಷ ಭೂಗೋಳ ಕಲಿಸಿದವಳು ನಾನು. ನಿಮ್ಮೆದುರು ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ: ನಾನು ಮಾಡಿದ ಪಾಠವನ್ನು ನಾನೇ ನಂಬಿರಲಿಲ್ಲ. ಎರೆಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ ಎಂದು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿ, ತಪ್ಪಿದವರ ಅಂಕ ಕತ್ತರಿಸಿ, ಕೊನೆಗೆ ಅದೇ ಎರೆಮಣ್ಣಿನ ಮೇಲೆ ಎರಡಡಿ ಬುನಾದಿಯ ಮನೆ ಕಟ್ಟಿಸಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಇದರಲ್ಲಿ ತಪ್ಪು ಅರ್ಧ ನನ್ನದು, ಅರ್ಧ ನಾನು ಹುಟ್ಟಿದ ನೆಲದ್ದು. ನಾನು ಬೀದರಿನ ಮೈಲೂರಿನವಳು. ಬೀದರ ಕೂತಿರುವುದೇ ಕೆಂಪು ಕಲ್ಲಿನ ದಿಬ್ಬದ ಮೇಲೆ. ಎರಡಡಿ ತೋಡುವಷ್ಟರಲ್ಲಿ ಗುದ್ದಲಿ ಠಣ್ ಅನ್ನುತ್ತದೆ, ಬುನಾದಿ ಮುಗಿಯಿತು. ಅಗೆದ ಕಲ್ಲೇ ಗೋಡೆಗೂ ಆಗುತ್ತದೆ. ನೆಲದೊಳಗೆ ಇರುವವರೆಗೆ ಕೊಯ್ಯಲು ಬರುವಷ್ಟು ಮೆತ್ತಗಿರುವ ಈ ಕಲ್ಲು ಹೊರಬಂದು ಗಾಳಿ ಬಿಸಿಲು ತಾಕಿದ ಮೇಲೆ ಗಟ್ಟಿಯಾಗುತ್ತದೆ. ಮೈಲೂರಿನ ಹೆಣ್ಣುಮಕ್ಕಳೂ ಹಾಗೆಯೇ ಎಂದು ನಮ್ಮವರು, ಅಂದರೆ ನನ್ನ ಗಂಡ, ಹೇಳುತ್ತಾರೆ. ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ನೋವಾಗದಂತೆ ಚುಚ್ಚುವುದು ಅವರ ಕಸುಬು. ಅಂತೂ ನನ್ನ ಅಪ್ಪ ಎರಡಡಿಯ ಮೇಲೆ ಕಟ್ಟಿದ ಮನೆ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಬಂಡೆಯ ಮೇಲೆ ಮನೆ ಕಟ್ಟಿದವನು ಜಾಣ ಎಂದು ಚರ್ಚಿನಲ್ಲಿ ಕೇಳುತ್ತ ಬೆಳೆದವಳು ನಾನು. ಬಂಡೆ ಇಲ್ಲದ ಊರಿಗೆ ವರ್ಗವಾದರೆ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿರಲಿಲ್ಲ.

ನನಗೆ ಮೊದಲು ಕೆಲಸ ಸಿಕ್ಕಿದ್ದು ಮಹಾರಾಷ್ಟ್ರದ ಗಡಿಯ ಔರಾದಿನಲ್ಲಿ. ಅಲ್ಲಿಯ ಎರೆಮಣ್ಣು ಮಳೆಗಾಲದಲ್ಲಿ ಚಪ್ಪಲಿಗೆ ಹತ್ತಿತೆಂದರೆ ಸಾಲೆ ತಲುಪುವಷ್ಟರಲ್ಲಿ ನಾನು ನಾಲ್ಕು ಬೆರಳು ಎತ್ತರವಾಗಿರುತ್ತಿದ್ದೆ. ಬಂದವರನ್ನು ಸುಲಭಕ್ಕೆ ಬಿಡದ ಮಣ್ಣು ಅದು. ಅಲ್ಲಿಯ ಜನರೂ ಹಾಗೆಯೇ, ಒಂದು ಬಟ್ಟಲು ಚಹಾ ಕುಡಿಸದೆ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಗಡಿ ಎಂಬುದು ನಾನು ನಕಾಶೆಯಲ್ಲಿ ಎಳೆಯುತ್ತಿದ್ದ ಗೆರೆಯಷ್ಟೆ, ಅವರ ಅಂಗಳದಲ್ಲಿ ಅದು ಎಲ್ಲಿಯೂ ಕಾಣುತ್ತಿರಲಿಲ್ಲ.

ಔರಾದಿನಿಂದ ಭಾಲ್ಕಿಗೆ ಬಂದೆವು. ಊರ ಅಂಚಿನಲ್ಲಿ ಜಾಗ ಸಿಕ್ಕಿತು. ಕಟ್ಟಲು ಬಂದವನು ಖಟಕ ಚಿಂಚೋಳಿಯ ತುಕಾರಾಮ ಗೌಂಡಿ. ಕಡ್ಡಿಯಂಥ ಮನುಷ್ಯ, ಮಾತು ಕಡಿಮೆ. ಜಾಗಕ್ಕೆ ಒಂದು ಸುತ್ತು ಹಾಕಿ, ಒಂದು ಹಿಡಿ ಮಣ್ಣು ಹಿಸುಕಿ ನೋಡಿ ಹೇಳಿದ:

"ಟೀಚರ್ರ, ಇದು ಎರಿ ಭೂಮಿ ಅದರಿ. ಆಳುದ್ದ ಪಾಯಾ ತೋಡಬೇಕ್ರಿ. ಇಲ್ಲಾಂದ್ರ ನಿಲ್ಲಂಗಿಲ್ರಿ."

"ನಮ್ಮಪ್ಪ ಎರಡಡಿ ಮ್ಯಾಲ ಕಟ್ಟ್ಯಾನ, ಇನ್ನೂ ನಿಂತದ" ಎಂದೆ.

"ಅದು ಬೀದರ್ರಿ. ಇದು ಭಾಲ್ಕಿ ಅದರಿ."

ಎರಡು ಊರಿನ ನಡುವಿನ ವ್ಯತ್ಯಾಸವನ್ನು ಇಷ್ಟು ಚಿಕ್ಕದಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಆದರೆ ನಾನು ಭೂಗೋಳದ ಟೀಚರು, ಗೌಂಡಿಯಿಂದ ಪಾಠ ಹೇಳಿಸಿಕೊಳ್ಳುವುದುಂಟೆ? ಎರಡಡಿ ಎಂದರೆ ಎರಡಡಿ ಎಂದೆ. ಅವನು ತಲೆ ತುರಿಸಿಕೊಂಡು ಕೆಲಸಕ್ಕೆ ಹತ್ತಿದ.

ಎರಡು ವರ್ಷ ಮಳೆ ಚೆನ್ನಾಗಿ ಆಯಿತು, ನಾನೂ ಚೆನ್ನಾಗಿ ಬೀಗಿದೆ. ಮೂರನೆಯ ವರ್ಷ ಮೋಡ ಬಂದು ಬಂದು ಹಾಗೇ ಹೋಯಿತು. ದೀಪಾವಳಿಯ ಹೊತ್ತಿಗೆ ಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿಕೊಳ್ಳುವಂತಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಪಡಸಾಲೆಯ ಗೋಡೆ, ಕಿಟಕಿಯ ಮೂಲೆಯಿಂದ ಬಾಗಿಲ ಮೂಲೆಯವರೆಗೆ ಓರೆಯಾಗಿ ಸೀಳಿತ್ತು. ನಮ್ಮವರು ಅದನ್ನು ದಿಟ್ಟಿಸಿ, "ಹೊಲಿಗಿ ಹಾಕ್ಲೇನು?" ಎಂದರು. ನನಗೆ ನಗು ಬರಲಿಲ್ಲ.

ಅದೇ ವಾರ ತುಕಾರಾಮ ಸಾಲೆಗೆ ಬಂದ. ಅವನ ಮಗಳು ಸುಜಾತಾ ನನ್ನ ತರಗತಿಯಲ್ಲೇ, ಹತ್ತನೆಯದರಲ್ಲಿ ಇದ್ದಳು. ದಿನಾ ಚಿಂಚೋಳಿಯಿಂದ ಬಸ್ಸಿಗೆ ಬರುವ ಹುಡುಗಿ. ನೀರಿಲ್ಲದ ಮೇಲೆ ಭಾಲ್ಕಿಯಲ್ಲಿ ಯಾರು ಮನೆ ಕಟ್ಟಿಸುತ್ತಾರೆ? ಹೈದರಾಬಾದಿನಲ್ಲಿ ಕೆಲಸವಿದೆಯಂತೆ, ಗಂಡ ಹೆಂಡತಿ ಹೊರಟಿದ್ದರು, ಮಗಳ ಟಿ.ಸಿ. ಬೇಕಿತ್ತು. ಅವಳು ಅಪ್ಪನ ಹಿಂದೆ ಪುಸ್ತಕದ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಪರೀಕ್ಷೆಗೆ ಇನ್ನು ನಾಲ್ಕೈದು ತಿಂಗಳು. ಈಗ ಬಿಟ್ಟವರು ಮತ್ತೆ ಸಾಲೆಯ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿದ್ದು ಕಡಿಮೆ. ಪರೀಕ್ಷೆ ಮುಗಿಯುವತನಕ ಅವಳು ನಮ್ಮ ಮನೆಯಲ್ಲಿ ಇರಲಿ ಎಂದೆ.

ತುಕಾರಾಮ ಸಂಜೆ ಮನೆಗೆ ಬಂದು ಪಡಸಾಲೆಯ ಗೋಡೆಯ ಮುಂದೆ ನಿಂತ. ಬಿರುಕಿನೊಳಗೆ ಬೆರಳು ಆಡಿಸಿದ. ಆಮೇಲೆ ಬಹಳ ಸಂಕೋಚದಿಂದ ಹೇಳಿದ:

"ನಿಮ್ಮ ಮ್ಯಾಲ ಭರೋಸಾ ಅದರಿ ಟೀಚರ್ರ. ನಿಮ್ಮ ಗ್ವಾಡಿ ಮ್ಯಾಲ ಇಲ್ರಿ."

ನನ್ನ ಸರ್ವಿಸಿನಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನ ತಪ್ಪನ್ನು ಹೀಗೆ ಬೆರಳಿಟ್ಟು ತೋರಿಸಿರಲಿಲ್ಲ. ನನ್ನ ಹಟದಿಂದ ಒಂದು ಹುಡುಗಿಯ ಓದು ನಿಲ್ಲುತ್ತದಲ್ಲ ಎಂದು ಕಣ್ಣು ತುಂಬಿ ಬಂತು. ತುಕಾರಾಮ ಆ ಕಡೆ ಈ ಕಡೆ ನೋಡಿದ. ಕಳ್ಳತನ ಒಪ್ಪಿಕೊಳ್ಳುವವನ ಹಾಗೆ ದನಿ ಇಳಿಸಿದ.

"ಅಡಗಿಮನ್ಯಾಗ ಮಲಗಸ್ತೀರೇನ್ರಿ? ಹಂಗಿದ್ರ ಬಿಟ್ಟು ಹೋಗ್ತೇನಿ."

"ಅಡಗಿಮನ್ಯಾಗ ಯಾಕ?"

"ಅದು ನಿಮ್ಮ ಮಾತು ಕೇಳಿಲ್ರಿ. ನೀವು ಕ್ರಿಸ್‌ಮಸ್ಸಿಗಿ ಪಾಯಾ ತೋಡುವಾಗ ಮೈಲೂರಿಗಿ ಹೋಗಿದ್ರಿ ನೋಡ್ರಿ, ಆಗ ನಾನು, ನಮ್ಮಾಕಿ ಕೂಡಿ ಅಲ್ಲಿಷ್ಟು ಆಳುದ್ದ ತೋಡಿಬಿಟ್ವಿ. ಹೆಣ್ಮಕ್ಕಳು ದಿನಾ ಒಲಿ ಮುಂದ ಕೂಡ್ತಾರ. ಅಲ್ಲಿ ಗ್ವಾಡಿ ಬಿದ್ರ ಹ್ಯಾಂಗ್ರಿ? ನೀವು ಸಿಟ್ಟಾಗ್ತೀರಂತ ಹೇಳಿಲ್ರಿ."

ಒಳಗೆ ಹೋಗಿ ನೋಡಿದೆ. ಅಡುಗೆಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟೂ ಸೀಳಿರಲಿಲ್ಲ. ಎರಡು ವರ್ಷ ದಿನಾ ಅಲ್ಲೇ ರೊಟ್ಟಿ ಬಡಿದಿದ್ದೆ, ನನ್ನ ಕಾಲ ಕೆಳಗೆ ಇಷ್ಟು ಕಾಳಜಿ ಹೂತಿಟ್ಟಿದೆ ಎಂಬುದು ಗೊತ್ತಿರಲಿಲ್ಲ.

ಹೋಗುವ ಮುನ್ನ ತುಕಾರಾಮ ಮಗಳಿಗೆ ಒಂದು ಕೆಲಸ ಹೇಳಿಹೋದ. ಪಡಸಾಲೆಯ ಬಿರುಕಿಗೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಬೇಕು. ಅದು ಹರಿದರೆ ಬಿರುಕು ಬೆಳೆಯುತ್ತಿದೆ ಎಂದರ್ಥ, ಆಗ ಆ ಕಡೆ ಯಾರೂ ಸುಳಿಯಬಾರದು. ಸುಜಾತಾ ಭೂಗೋಳದ ನೋಟ್‌ಬುಕ್ಕಿನಿಂದಲೇ ಹಾಳೆ ಹರಿದು ಅಂಟಿಸಿದಳು. ಭಾನುವಾರಕ್ಕೊಮ್ಮೆ ತುಕಾರಾಮನ ಫೋನು. ಮೊದಲ ಪ್ರಶ್ನೆ ಕಾಗದದ್ದು, ಎರಡನೆಯದು ಓದಿನದು. "ಇನ್ನಾ ಹರಿದಿಲ್ಲಪ್ಪಾ" ಎಂದು ಅವಳು ಹೇಳುವಾಗ ನಾವಿಬ್ಬರೂ ಗೋಡೆಯ ಕಡೆ ನೋಡುತ್ತಿದ್ದೆವು. ಸಂಕ್ರಾಂತಿಯ ಹೊತ್ತಿಗೆ ಹರಿಯಿತು. ಪಡಸಾಲೆ ಬಿಟ್ಟು ಮೂವರೂ ಅಡುಗೆಮನೆಗೆ ಬಂದೆವು. ಓದು, ಊಟ, ನಿದ್ದೆ, ಪ್ರಾರ್ಥನೆ ಎಲ್ಲ ಅಲ್ಲೇ. ನಾವು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ಅವಳು ಮೂಲೆಯಲ್ಲಿಟ್ಟ ತನ್ನ ಬುದ್ಧನ ಪಟಕ್ಕೆ ಕೈಮುಗಿದು ಪುಸ್ತಕ ತೆರೆಯುತ್ತಿದ್ದಳು. ದೇವರು, ಬುದ್ಧ, ಜೋಳದ ಡಬ್ಬಿ, ಎಲ್ಲರೂ ಒಂದೇ ಬುನಾದಿಯ ಮೇಲೆ ಇದ್ದರು.

ಸುಜಾತಾ ಪಾಸಾದಳು. ಆ ವರ್ಷ ಜೂನಿನಲ್ಲಿ ಮಿರಗದ ಮಳೆ ಸರಿಯಾಗಿ ಬಿತ್ತು. ನೆಲದ ಬಿರುಕು ಮುಚ್ಚುತ್ತ ಬಂದ ಹಾಗೆ ಬೀಗ ಹಾಕಿ ಹೋದವರು ಒಬ್ಬೊಬ್ಬರೇ ಊರಿಗೆ ಮರಳಿದರು. ತುಕಾರಾಮ ನೇರ ನಮ್ಮ ಮನೆಗೆ ಬಂದು ಗೋಡೆ ಮುಟ್ಟಿ ನೋಡಿದ. ಅದಾದ ಮೇಲೆ ಮಗಳ ತಲೆಯ ಮೇಲೆ ಕೈ ಇಟ್ಟ. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು. ಮರುವಾರವೇ ಪಡಸಾಲೆಯನ್ನು ಕೆಡವಿ, ಆಳುದ್ದ ತೋಡಿ ಹೊಸದಾಗಿ ಎಬ್ಬಿಸಿದ. ಗುದ್ದಲಿ ಎತ್ತಿಕೊಟ್ಟವಳು ನಾನೇ.

ಈಗ ಪಡಸಾಲೆ ಗಟ್ಟಿಯಾಗಿದೆ, ಕುರ್ಚಿಗಳೂ ಇವೆ. ಆದರೂ ನಮ್ಮಲ್ಲಿಗೆ ಬಂದವರನ್ನು ನಾವು ಅಡುಗೆಮನೆಯಲ್ಲೇ ಕೂರಿಸುತ್ತೇವೆ. ದೂರದ ನೆಂಟರು, "ಈ ಕಡೆಯ ಜನಕ್ಕೆ ಎಷ್ಟು ಪ್ರೀತಿ, ಒಲೆಯ ಮುಂದೆಯೇ ಚಾಪೆ ಹಾಸುತ್ತಾರೆ" ಎಂದು ಮೆಚ್ಚುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಬೀದರಿನಲ್ಲಿ ನರ್ಸಾಗಿರುವ ಸುಜಾತಾ ರಜೆಗೆ ಬಂದಾಗ ಮಾತ್ರ ಯಾರೂ ಏನೂ ಹೇಳಬೇಕಾಗಿಲ್ಲ. ಚಪ್ಪಲಿ ಬಿಟ್ಟು, ಪಡಸಾಲೆ ದಾಟಿ, ತನ್ನಪ್ಪ ನನಗೆ ತಿಳಿಯದಂತೆ ತೋಡಿದ ಆ ಆಳದ ಮೇಲೆ ಹಾಸಿಗೆ ಬಿಚ್ಚಿ, ಗೋಡೆಗೆ ಬೆನ್ನು ಕೊಟ್ಟು ನಿದ್ದೆ ಹೋಗುತ್ತಾಳೆ.