ಅವ್ವನ ಒಗೆಯುವ ಕಲ್ಲು

ಹಾಸನದ ಈ ಮನೆಗೆ ನಾನೇ ಹಿರಿಯಳು. ನಾನು ಹೂಂ ಅನ್ನದೆ ಇಲ್ಲಿ ಗೋಡೆಗೊಂದು ಮೊಳೆಯನ್ನೂ ಹೊಡೆಯುವುದಿಲ್ಲ.

ನಿನ್ನೆ ವಾಷಿಂಗ್ ಮಷಿನ್ ಗಡಗಡ ನಡುಗುತ್ತಾ ಬಚ್ಚಲ ಬಾಗಿಲವರೆಗೂ ಬಂತು. ರಿಪೇರಿಯವನು ಬಗ್ಗಿ ನೋಡಿ, "ಮಷಿನ್ ಸರಿಯಾಗೈತೆ ಅಮ್ಮ, ನೆಲ ಕುಸಿದೈತೆ. ಅಗೆದು ಮಟ್ಟ ಮಾಡ್ಬೇಕು" ಅಂದ.

ಸೊಸೆ ತಡೆದಳು. "ಮಗಳು ಹೆರಿಗೆಗೆ ಬಂದವ್ಳೆ, ಈಗ ನೆಲ ಅಗೆಯೋದು ಬ್ಯಾಡ ಅತ್ತೆ. ಅಡಿಗೊಂದು ಹಲಗೆ ಚೂರು ಕೊಟ್ರೆ ಆಯ್ತು."

ನಾನು ಲಂಗ ಉಡುತ್ತಿದ್ದ ಕಾಲದಲ್ಲಿ, ನುಗ್ಗೇಹಳ್ಳಿಯ ನಮ್ಮ ಹಿತ್ತಲಿನ ಒಗೆಯುವ ಕಲ್ಲೂ ಹೀಗೇ ಅಲ್ಲಾಡುತ್ತಿತ್ತು. ಅಪ್ಪ ಗುದ್ದಲಿ ತಂದರೆ ಅಜ್ಜಿ ಗದರಿದಳು. "ಬಸುರಿ ಇರೋ ಮನೇಲಿ ನೆಲ ಅಗೀತಾರೇನ್ಲಾ? ಎರಿಗೆ ಆಗ್ಲಿ, ಆಮೇಲೆ ಕೂರ್ಸೀಯಂತೆ." ಅಪ್ಪ ಗುದ್ದಲಿ ಇಟ್ಟು, ಕಲ್ಲಿನಡಿಗೆ ತೆಂಗಿನ ಮಟ್ಟೆ ತುರುಕಿದ. ಅವ್ವ ಬಟ್ಟೆ ಕುಕ್ಕುತ್ತಾ ನಗುತ್ತಿದ್ದಳು. "ಕೂಸು ಉಟ್ಟಕ್ ಮುಂಚೇನೆ ತೊಟ್ಲು ತೂಗ್ತದೆ ನೋಡು ಮಗ, ಈ ಕಲ್ಲು."

ನೆನೆದ ಮಟ್ಟೆ ಒಂದು ಬೆಳಿಗ್ಗೆ ಜಾರಿತು. ಕಲ್ಲು ಮಗುಚಿ, ಅಪ್ಪನ ಒದ್ದೆ ಪಂಚೆ ಹಿಡಿದುಕೊಂಡೇ ಅವ್ವ ಬಿದ್ದಳು. ಸಂಜೆಗೆ ಅವಳೂ ಇರಲಿಲ್ಲ, ಹೊಟ್ಟೆಯಲ್ಲಿದ್ದ ಕೂಸೂ ಇರಲಿಲ್ಲ.

ತಿಥಿ ಮುಗಿದ ಮೇಲೆ ಅಪ್ಪ ಒಬ್ಬನೇ ನೆಲ ಅಗೆದು ಕಲ್ಲನ್ನು ಕೂರಿಸಿದ. ಆಮೇಲೆ ಅದು ಅಲ್ಲಾಡಲೇ ಇಲ್ಲ. ನಾನು ಬಟ್ಟೆ ಒಗೆಯಲು ಕಲಿತಿದ್ದು ಅದರ ಮೇಲೆಯೇ.

ಸೊಸೆಗೆ ಇದನ್ನೆಲ್ಲ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಗಾರೆಯವನನ್ನು ಕರೆಸಿ, ಮೊಮ್ಮಗಳನ್ನು ಎದುರಿಗೇ ಕುರ್ಚಿ ಹಾಕಿ ಕೂರಿಸಿ, ನೆಲ ಅಗೆಸಿದೆ. ಮೊದಲ ಏಟು ನಾನೇ ಹಾಕಿದೆ.